ಹಗ್ಗ ಎಳೆಯಬಾರದು, ಹಿಡಿಯಬೇಕು: ಸೀಬೆ ಕೊಂಬೆ ಬಗ್ಗಿಸಿ ಕಟ್ಟುವ ಕ್ರಮ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಸೀಬೆ ಗಿಡದ ಮಟ್ಟಿಗೆ ಅರ್ಧ ಮಾತ್ರ ನಿಜ. ಈಚೆಗಷ್ಟೇ ಚಿಗುರಿದ ಹಸಿರು ಕಡ್ಡಿ ಎಷ್ಟು ಬೇಕಾದರೂ ಬಗ್ಗುತ್ತದೆ, ಆದರೆ ಹೂವಿಗೆ ಬೇಕಾದ ಕಸುವು ಅದರಲ್ಲಿ ಇರುವುದಿಲ್ಲ. ಕಳೆದ ವರ್ಷದ, ಪೆನ್ಸಿಲ್‌ಗಿಂತ ದಪ್ಪ, ಹೆಬ್ಬೆರಳಿಗಿಂತ ಸಣ್ಣ ಕೊಂಬೆಯೇ ಕೆಲಸಕ್ಕೆ ಬರುವುದು. ಗುರುತು ಸುಲಭ: ಸೀಬೆಯ ಎಳೆಯ ಕಡ್ಡಿ ನಾಲ್ಕು ಮೂಲೆಯಾಗಿ ಚೌಕಾಕಾರದಲ್ಲಿ ಇರುತ್ತದೆ, ಬಲಿತದ್ದು ಗುಂಡಗಾಗಿ ಕಂದು ತೊಗಟೆ ಹೊದ್ದಿರುತ್ತದೆ. ಬೆರಳಾಡಿಸಿ ನೋಡಿ, ಗುಂಡಗಿದ್ದದ್ದನ್ನು ಆರಿಸಿ.

ದಾವಣಗೆರೆ ಕಡೆ ಪೇರಲ ಎನ್ನುವವರೂ ಉಂಟು, ಚಿತ್ರದುರ್ಗ, ಹಿರಿಯೂರಿನ ಕಡೆ ಸೀಬೆ. ಹೆಸರು ಯಾವುದಾದರೂ ಹಿತ್ತಲಲ್ಲಿ ಇರುವ ಗಿಡದ ದೂರು ಒಂದೇ: ನೆಟ್ಟಗೆ ಬೆಳೆದು ಕಾಂಪೌಂಡು ದಾಟಿತು, ಹಣ್ಣು ಕೈಗೆ ಎಟುಕದ ತುದಿಯಲ್ಲಿ ನಾಲ್ಕೇ ನಾಲ್ಕು, ಅದೂ ಗಿಳಿ, ಅಳಿಲುಗಳ ಪಾಲು. ಕತ್ತರಿಸಿ ಕುಳ್ಳು ಮಾಡಬಹುದು. ಆದರೆ ಕತ್ತರಿಸದೆ ಬಗ್ಗಿಸಿದರೆ ಇದ್ದ ಕೊಂಬೆಯ ಉದ್ದಕ್ಕೂ ಚಿಗುರು ಬರುತ್ತದೆ, ಚಿಗುರಿನಲ್ಲಿ ಹೂ ಬರುತ್ತದೆ. ಸೀಬೆ ಹೂ ಬಿಡುವುದು ಹೊಸ ಚಿಗುರಿನ ಎಲೆ ಕಂಕುಳಲ್ಲೇ. ಹಳೆಯ ಕೊಂಬೆಯ ಮೈಮೇಲೆ ನೇರವಾಗಿ ಅಲ್ಲ. ಹಾಗಾಗಿ ಹಣ್ಣು ಬೇಕು ಎಂದರೆ ಚಿಗುರು ಬೇಕು, ಮಾಡುವುದೆಲ್ಲ ಅದಕ್ಕಾಗಿಯೇ.

ನಿಂತ ಕೊಂಬೆಯ ತುದಿಯ ಕುಡಿ ತನ್ನ ಕೆಳಗಿನ ಚಿಗುರು ಮೊಗ್ಗುಗಳನ್ನು, ಅಂದರೆ ಕಣ್ಣುಗಳನ್ನು, ಏಳಗೊಡುವುದಿಲ್ಲ. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ರಸ ಕೆಳಕ್ಕೆ ಇಳಿಯುತ್ತಾ ಅವುಗಳನ್ನು ಮಲಗಿಸಿಯೇ ಇಡುತ್ತದೆ. ಕೊಂಬೆ ಅಡ್ಡ ಬಿದ್ದಾಗ ಆ ಯಜಮಾನಿಕೆ ಸಡಿಲವಾಗಿ, ಮೇಲ್ಮುಖದ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ಒಳಗೆ ಬಿಸಿಲೂ ಬೀಳುತ್ತದೆ.

ಮೊಬೈಲಿನಲ್ಲಿ ‘ಗಿಡ ಬಗ್ಗಿಸುವುದು’ ಎಂದು ಹುಡುಕಿದರೆ ಹೊರದೇಶದ ಗಾಂಜಾ ಗಿಡದ ವಿಡಿಯೊಗಳೇ ಮೊದಲು ಬೀಳುತ್ತವೆ. ನಮ್ಮಲ್ಲಿ ಅದನ್ನು ಬೆಳೆಯುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಡಿ ಅಪರಾಧ, 10 ವರ್ಷದವರೆಗೆ ಜೈಲು ಉಂಟು. ಅದು ಹಾಗಿರಲಿ, ಕೆಲವೇ ತಿಂಗಳು ಬಾಳುವ ಮೆತ್ತನೆ ಕಾಂಡದ ಗಿಡದ ಲೆಕ್ಕವನ್ನು ಹತ್ತಾರು ವರ್ಷ ಬಾಳುವ ಸೀಬೆಗೆ ಹಾಕಿದರೆ ಕೊಂಬೆ ಕೈಗೆ ಬರುತ್ತದೆ.

ಯಾವಾಗ

ಸೀಬೆಗೆ ಮೂರು ಹೂವಿನ ಕಾಲ. ಫೆಬ್ರವರಿ–ಮಾರ್ಚ್‌ನ ಹೂ ಮಳೆಗಾಲಕ್ಕೆ ಹಣ್ಣಾಗುತ್ತದೆ. ಆ ಹಣ್ಣು ಸಪ್ಪೆ, ಒಡೆದು ನೋಡಿದರೆ ಹುಳು. ಜೂನ್–ಜುಲೈನ ಹೂ ಚಳಿಗಾಲದ ಹಣ್ಣು, ಇದಕ್ಕೆ ಸಮ ಇಲ್ಲ. ತೋಟಗಾರಿಕೆಯವರು ಇದನ್ನು ಮೃಗ್ ಬಹಾರ್ (ಬಹಾರ್ ಎಂದರೆ ಹೂವಿನ ಕಾಲ) ಎನ್ನುವುದು ಮೃಗಶಿರ ಮಳೆಯ ಹೆಸರಿನಿಂದಲೇ. ಅಕ್ಟೋಬರ್ ಹೊತ್ತಿನ ಹಸ್ತ ಬಹಾರಿನ ಹಣ್ಣು ಬೇಸಿಗೆಗೆ ಬರುತ್ತದೆ, ರುಚಿ ಇರುತ್ತದೆ, ಆದರೆ ಕಾಯಿ ದಪ್ಪವಾಗುವ ಹೊತ್ತಿಗೇ ಚಳ್ಳಕೆರೆ, ಹಿರಿಯೂರಿನಲ್ಲಿ ನೀರಿಗೆ ಪರದಾಟ. ಬೋರ್‌ವೆಲ್ ನಂಬಿಕೆ ಇದ್ದವರು ಮಾತ್ರ ಅದಕ್ಕೆ ಕೈಹಾಕಲಿ.

ಬಗ್ಗಿಸಿದ 45ರಿಂದ 60 ದಿನಕ್ಕೆ ಹೂ. ಹಿಂದಕ್ಕೆ ಎಣಿಸಿದರೆ ಭರಣಿ, ಕೃತ್ತಿಕೆ ಮಳೆಯ ಹೊತ್ತು, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಕಟ್ಟಿ ಮುಗಿಸಬೇಕು. ಇನ್ನೊಂದು ಕಾರಣವೂ ಇದೆ. ಚಿತ್ರದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ಜೂನ್ ನಡುವಿನಿಂದ ಬೀಸುವ ಗಾಳಿಗೆ ಕಟ್ಟಿದ ಕೊಂಬೆ ಹಗ್ಗದ ಜೊತೆ ಜಗ್ಗಾಡಿ ಬುಡದಲ್ಲಿ ಸೀಳುತ್ತದೆ. ಮೇ ಮೊದಲ ವಾರ ಕಟ್ಟಿದರೆ ಆ ಗಾಳಿ ಏಳುವ ಮುಂಚೆಯೇ ಹಗ್ಗ ಬಿಚ್ಚಿಯಾಗಿರುತ್ತದೆ.

ಗಿಡಕ್ಕೆ ಕನಿಷ್ಠ ಎರಡು ವರ್ಷ ತುಂಬಿರಲಿ. ಬೇರೆ ಕುಂಡಕ್ಕೆ ಬದಲಿಸಿ ಎರಡು ತಿಂಗಳಾಗದ ಗಿಡ, ಹಿಟ್ಟು ತಿಗಣೆ ಹತ್ತಿದ ಗಿಡ, ಎಲೆ ಹಳದಿಯಾಗಿ ಸೊರಗಿದ ಗಿಡ ಈ ವರ್ಷಕ್ಕೆ ಬೇಡ. ಮಹಡಿಯ ಮೇಲಾದರೆ 50 ಲೀಟರ್ ಹಿಡಿಸುವ ಡ್ರಮ್ಮು ಒಳ್ಳೆಯದು. 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಇದ್ದರೆ ನಾಲ್ಕೈದು ಕೊಂಬೆ ಮಾತ್ರ ಉಳಿಸಿಕೊಳ್ಳಿ. ಒದ್ದೆ ಮಣ್ಣು ತುಂಬಿದ 50 ಲೀಟರಿನ ಡ್ರಮ್ಮು 60 ಕಿಲೋ ದಾಟುತ್ತದೆ, ಚಾವಣಿಯ ನಡುವೆ ಇಡದೆ ಗೋಡೆ ಅಥವಾ ತೊಲೆಯ ನೇರಕ್ಕೆ ಇಡಿ.

ಮನೆಯಲ್ಲೇ ಸಿಗುವ ಸಾಮಾನು

ಕಟ್ಟಲು ಹಳೆಯ ಹತ್ತಿ ಸೀರೆ ಅಥವಾ ಪಂಚೆಯನ್ನು ಎರಡು ಇಂಚು ಅಗಲ, ಎರಡೂವರೆ ಅಡಿ ಉದ್ದಕ್ಕೆ ಹರಿದುಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಸುರುಳಿಯಾಗಿ ದಾರದಂತಾಗಿ ತೊಗಟೆ ಕೊಯ್ಯುತ್ತದೆ. ಹಳೆಯ ಬನಿಯನ್ ಪಟ್ಟಿ ಇನ್ನೂ ಉತ್ತಮ, ಸ್ವಲ್ಪ ಹಿಗ್ಗುತ್ತದೆ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಆಗಿ ಎಸೆದ ಟ್ಯೂಬು ಕೇಳಿದರೆ ಕೊಡುತ್ತಾರೆ. ಅದನ್ನು ಉದ್ದುದ್ದ ಸೀಳಿ ಒಂದಿಂಚಿನ ಪಟ್ಟಿ ಮಾಡಿಕೊಂಡರೆ ದಪ್ಪ ಕೊಂಬೆಗೆ ಆಯಿತು. ತೋಟದ ಕಡೆಯವರಿಗೆ ಬಾಳೆ ಪಟ್ಟೆ ಇದ್ದೇ ಇದೆ, ಆದರೆ ಒಣಗಿದ ಮೇಲೆ ಹದಿನೈದು ದಿನ ಗಾಳಿ ತಡೆಯುವ ನಂಬಿಕೆ ಇಲ್ಲ. ಸುತಳಿ ಬಳಸುವುದಾದರೆ ಗೂಟದ ಕಡೆ ಮಾತ್ರ. ಸಣಬು ನೆನೆದರೆ ಕುಗ್ಗುತ್ತದೆ, ಮಳೆ ಬಂದ ರಾತ್ರಿ ತನಗೆ ತಾನೇ ಬಿಗಿಯುತ್ತದೆ. ಗೊಬ್ಬರ ಚೀಲ ಹೊಲಿದ ಪ್ಲಾಸ್ಟಿಕ್ ದಾರ ಯಾವುದಕ್ಕೂ ಬೇಡ. ಬೈಂಡಿಂಗ್ ವೈರನ್ನು ಬರಿಯಾಗಿ ಕಟ್ಟಲೇಬಾರದು.

ಊರುವ ಗೂಟಕ್ಕೆ ಚನ್ನಗಿರಿ ಕಡೆ ಅಡಿಕೆ ದಬ್ಬೆಗೆ ಬರವಿಲ್ಲ. ಬಿದಿರಾದರೂ ಸರಿ. ಉದ್ದ ಒಂದೂವರೆ ಅಡಿ, ಅದರಲ್ಲಿ ಒಂದು ಅಡಿ ನೆಲದೊಳಗೆ. ಗೂಟದ ತಲೆ ಗಿಡದಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು, ನೆಟ್ಟಗೆ ಹೊಡೆದದ್ದು ಕೊಂಬೆಯ ಎಳೆತಕ್ಕೆ ಮೇಲೇಳುತ್ತದೆ. ಎರೆ ಭೂಮಿಯಲ್ಲಿ ಬೇಸಿಗೆಯ ಬಿರುಕಿನ ಪಕ್ಕ ಹೊಡೆದ ಗೂಟ ಮೊದಲ ಮಳೆಗೆ ಸಡಿಲವಾಗುತ್ತದೆ, ಅಲ್ಲಿ ಎರಡು ಅಡಿ ಉದ್ದದ್ದು ಬೇಕು. ದುರ್ಗದ ಗರಸು ನೆಲಕ್ಕೆ ಮರದ ಗೂಟ ಇಳಿಯುವುದೇ ಇಲ್ಲ, ಮನೆ ಕಟ್ಟಿದಾಗ ಉಳಿದ ಕಬ್ಬಿಣದ ರಾಡಿನ ತುಂಡು ಹುಡುಕಿ. ಹಸಿ ಗ್ಲಿರಿಸಿಡಿಯಾ ಗೂಟ ಹೊಡೆದರೆ ಅದೇ ಚಿಗುರಿ ಸೀಬೆಯ ಗೊಬ್ಬರ ತಿನ್ನುತ್ತದೆ.

ಕುಂಡಕ್ಕೆ ಗೂಟ ಬೇಕಿಲ್ಲ. ಡ್ರಮ್ಮಿನ ಕಂಠದ ಕೆಳಗೆ ಸುತ್ತಲೂ ದಪ್ಪ ಹಗ್ಗ ಬಿಗಿದು, ಎಲ್ಲ ಪಟ್ಟಿಗಳನ್ನೂ ಅದಕ್ಕೇ ಕಟ್ಟಬಹುದು. ಪೇಂಟ್ ಬಕೆಟ್ಟಿಗೆ ಕಾದ ಮೊಳೆಯಿಂದ ಅಂಚಿನಲ್ಲಿ ತೂತು ಮಾಡಿ. ಕೊಂಬೆ ಕುಂಡಕ್ಕಿಂತ ಬಹಳ ಆಚೆ ಚಾಚಿದ್ದರೆ ಐದು ಲೀಟರಿನ ಎಣ್ಣೆ ಕ್ಯಾನಿಗೆ ಮರಳು ತುಂಬಿ ನೆಲದ ಮೇಲಿಟ್ಟು ಅದರ ಹಿಡಿಗೆ ಕಟ್ಟಿ. ಏಳು ಕಿಲೋ ದಾಟುವ ಭಾರ, ಅಲುಗುವುದಿಲ್ಲ. ನೀರಿನ ಬಾಟಲಿಯನ್ನು ಕೊಂಬೆಯ ತುದಿಗೆ ನೇತುಹಾಕುವುದು ನೋಡಲು ಚೆಂದ: ಒಂದು ಲೀಟರಿಗೆ ಒಂದು ಕಿಲೋ, ನೀರು ಕಡಿಮೆ ಹೆಚ್ಚು ಮಾಡಿ ಭಾರ ಹೊಂದಿಸಬಹುದು. ಆದರೆ ಗಾಳಿಗೆ ತೊಟ್ಟಿಲಾಡಿ ಕವಲು ಸೀಳುವುದೂ ಇದೇ. ನಾಲ್ಕು ಗೋಡೆಯ ಮರೆ ಇರುವ ಹಿತ್ತಲಿಗೆ ಸರಿ, ಮಹಡಿಗೆ ಬೇಡ.

ನೀರು ಕಟ್ಟುವುದು, ಎಲೆ ಸವರುವುದು

ಬಗ್ಗಿಸುವ ಹತ್ತು–ಹದಿನೈದು ದಿನ ಮೊದಲು ನೆಲದ ಗಿಡಕ್ಕೆ ನೀರು ನಿಲ್ಲಿಸಿ. ತೆಳು ಕೆಂಪು ಮಣ್ಣಾದರೆ ಏಳೆಂಟು ದಿನ ಸಾಕು. ಕುಂಡದ ಗಿಡಕ್ಕೆ ಪೂರ್ತಿ ನಿಲ್ಲಿಸಿದರೆ ನಮ್ಮ ಏಪ್ರಿಲ್ ಬಿಸಿಲು ಬೇರನ್ನೇ ಸುಡುತ್ತದೆ, ಅರ್ಧಕ್ಕೆ ಇಳಿಸಿ. ಅಳತೆ ಇಷ್ಟೇ: ಮಧ್ಯಾಹ್ನ ಎಲೆ ಜೋತು ಬೀಳಬೇಕು, ಬೆಳಗಾಗುವಷ್ಟರಲ್ಲಿ ಮತ್ತೆ ನಿಗುರಬೇಕು. ಬೆಳಿಗ್ಗೆಯೂ ಜೋತೇ ಇದ್ದರೆ ಅತಿಯಾಯಿತು, ಅಂದೇ ಎರಡು ಚೊಂಬು ನೀರು ಕೊಡಿ. ಈ ಬಾಯಾರಿಕೆಯಿಂದ ಎಲೆಯ ಬೆಳವಣಿಗೆ ನಿಂತು, ಕೊಂಬೆಯಲ್ಲಿ ಸಕ್ಕರೆ ಕೂಡುತ್ತದೆ. ಇದನ್ನು ಬಿಟ್ಟು ಬರೀ ಬಗ್ಗಿಸಿದರೆ ಎಲೆ ಹೆಚ್ಚು, ಹೂ ಕಡಿಮೆ. ‘ಕಟ್ಟಿದೆವು, ಏನೂ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ.

ಬಗ್ಗಿಸುವ ದಿನ ಮೊದಲು ಎಲೆ. ನೆಲದ ಗಿಡದ ಕೊಂಬೆಯ ತುದಿಯಲ್ಲಿ 10–12 ಜೊತೆ ಎಲೆ ಬಿಟ್ಟು, ಅಂದರೆ ಸುಮಾರು ಒಂದು ಅಡಿ ಬಿಟ್ಟು, ಕೆಳಗಿನ ಎಲೆ, ಸಣ್ಣ ಕಡ್ಡಿ, ಇದ್ದ ಹೂ, ಕಾಯಿ ಎಲ್ಲ ತೆಗೆಯಬೇಕು. ಕುಂಡದ ಸಣ್ಣ ಕೊಂಬೆಗೆ ಐದಾರು ಜೊತೆ ಬಿಟ್ಟರೆ ಆಯಿತು. ಕಾಯಿ ತೆಗೆಯಲು ಮನಸ್ಸು ಬರುವುದಿಲ್ಲ ನಿಜ, ಆದರೆ ಒಂದು ಕಾಯಿ ಉಳಿದರೂ ಆ ಕೊಂಬೆಯ ಪಾಲು ಅದಕ್ಕೇ ಹೋಗುತ್ತದೆ. ಎಲೆಯನ್ನು ಕೆಳಕ್ಕೆ ಜಗ್ಗಿ ಕೀಳಬೇಡಿ. ತೊಗಟೆಯ ಜೊತೆ ಕಂಕುಳಿನ ಮೊಗ್ಗೂ ಕಿತ್ತು ಬರುತ್ತದೆ, ನಾವು ಏಳಿಸಬೇಕೆಂದಿರುವುದೇ ಆ ಮೊಗ್ಗನ್ನು. ಕತ್ತರಿಯಿಂದ ತೊಟ್ಟು ಸ್ವಲ್ಪ ಉಳಿಯುವಂತೆ ಕತ್ತರಿಸಿ, ಉಳಿದ ತೊಟ್ಟು ವಾರದಲ್ಲಿ ತಾನೇ ಉದುರುತ್ತದೆ. ಕಸಿ ಗಿಡವಾದರೆ ಕಸಿ ಗಂಟಿನ ಕೆಳಗಿನಿಂದ ಎದ್ದ ಕಡ್ಡಿಗಳನ್ನು ಇದೇ ಹೊತ್ತಲ್ಲಿ ಬುಡಕ್ಕೆ ಸವರಿ.

ಕೈಯಿಂದ ಬಗ್ಗಿಸಿ, ಹಗ್ಗದಿಂದ ಅಲ್ಲ

ಹೊತ್ತು ಮಧ್ಯಾಹ್ನ ಮೂರರ ಮೇಲೆ, ಗಿಡ ಸ್ವಲ್ಪ ಬಾಡಿ ಮೆತ್ತಗಾಗಿರುವಾಗ. ಬೆಳಿಗ್ಗೆ ನೀರುಂಡು ಬಿರುಸಾಗಿ ನಿಂತ ಕೊಂಬೆ ಚಟ್ಟನೆ ಒಡೆಯುತ್ತದೆ.

ಸೀಬೆಯ ಕಟ್ಟಿಗೆ ಗಟ್ಟಿ, ನಡುವೆ ಮುರಿಯುವುದು ಅಪರೂಪ. ಸೀಳುವುದು ಕವಲಿನಲ್ಲಿ. ಆದ್ದರಿಂದ ಎಡಗೈಯಿಂದ ಕವಲನ್ನು ಬಿಗಿಯಾಗಿ ಹಿಡಿದು, ಹೆಬ್ಬೆರಳನ್ನು ಕೊಂಬೆಯ ಬುಡಕ್ಕೆ ಒತ್ತಿಟ್ಟುಕೊಳ್ಳಿ. ದಪ್ಪ ಕೊಂಬೆಯಾದರೆ ಕವಲಿಗೆ ಮೊದಲೇ ಬನಿಯನ್ ಪಟ್ಟಿ ನಾಲ್ಕು ಸುತ್ತು ಬಿಗಿಯಿರಿ. ಬಲಗೈ ಬುಡದಿಂದ ಒಂದು ಗೇಣು ಆಚೆ ಇರಲಿ. ಕೆಳಕ್ಕೆ ತಂದು ಬಿಡಿ, ಮತ್ತೆ ತಂದು ಬಿಡಿ, ಹೀಗೆ ಆರೇಳು ಸಲ, ಪ್ರತಿ ಸಲ ಸ್ವಲ್ಪ ಹೆಚ್ಚು. ಆಮೇಲೆ ಕೈಯನ್ನು ತುದಿಯ ಕಡೆ ಸರಿಸುತ್ತಾ ಹೋಗಿ. ಒಂದೇ ಜಾಗದಲ್ಲಿ ಮಡಚಬೇಡಿ, ಉದ್ದಕ್ಕೂ ಹಂಚಿ ಬಗ್ಗಿಸಿ. ಕೊಂಬೆ ಕೈಗೆ ಒಗ್ಗಿ ತಾನೇ ಅರ್ಧ ದಾರಿ ಬಂದು ನಿಂತಾಗ ಹಗ್ಗದ ಸರದಿ. ಹಗ್ಗ ಕಟ್ಟಿ ಎಳೆದು ಬಗ್ಗಿಸಲು ಹೋದರೆ ಎಲ್ಲಿ ಎಷ್ಟು ಒತ್ತಡ ಬಿತ್ತು ಎಂಬುದು ನಮ್ಮ ಕೈಗೆ ತಿಳಿಯುವುದಿಲ್ಲ, ಚಟ್ ಎಂದ ಮೇಲೆಯೇ ತಿಳಿಯುವುದು. ಬಗ್ಗಲೊಪ್ಪದ ಕೊಂಬೆಯನ್ನು ಇವತ್ತು ಅರ್ಧಕ್ಕೆ ಕಟ್ಟಿ, ನಾಲ್ಕೈದು ದಿನ ಬಿಟ್ಟು ಮಿಕ್ಕದ್ದು ಮಾಡಿ.

ಎಷ್ಟು ಬಗ್ಗಬೇಕು? ನೆಲಕ್ಕೆ ಹೆಚ್ಚುಕಡಿಮೆ ಅಡ್ಡ. ತುದಿ ಒಂದು ಗೇಣು ಕೆಳಗಿಳಿದರೂ ಚಿಂತೆಯಿಲ್ಲ, ನಡುವೆ ಗೂನು ಬರಬಾರದು. ಬಿಲ್ಲಿನಂತೆ ಬಾಗಿದರೆ ಗೂನಿನ ನೆತ್ತಿಯಿಂದ ಒಂದೇ ಒಂದು ಕಡ್ಡಿ ಬಾಣದಂತೆ ನೆಟ್ಟಗೆದ್ದು ಎಲ್ಲ ರಸವನ್ನೂ ಹೀರುತ್ತದೆ, ಮಿಕ್ಕ ಕಣ್ಣುಗಳು ಮಲಗಿಯೇ ಇರುತ್ತವೆ. ಗೂನು ಬಂದರೆ ಕಟ್ಟನ್ನು ಬುಡದ ಕಡೆಗೆ ಸರಿಸಿ, ಅಲ್ಲೊಂದು, ತುದಿಗೊಂದು ಎಂದು ಎರಡು ಕಡೆ ಹಿಡಿಸಿ.

ಎಲ್ಲ ಕೊಂಬೆಗಳನ್ನೂ ಒಂದೇ ಎತ್ತರಕ್ಕೆ, ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹರಡಿ. ‘ಇದೊಂದು ಇರಲಿ’ ಎಂದು ನಡುವಿನ ಕೊಂಬೆಯನ್ನು ನೆಟ್ಟಗೆ ಬಿಟ್ಟರೆ ಯಜಮಾನಿಕೆ ಅದರ ಪಾಲಾಗುತ್ತದೆ. ಬಗ್ಗದಷ್ಟು ದಪ್ಪವಿದ್ದರೆ ಅದನ್ನು ಮಿಕ್ಕವುಗಳ ಮಟ್ಟಕ್ಕೆ ಕತ್ತರಿಸುವುದೇ ದಾರಿ.

ಗಂಟಿನ ಲೆಕ್ಕ: ಕೊಂಬೆಯ ಕಡೆ ಪಟ್ಟಿಯನ್ನು ಸಡಿಲ ಬಳೆಯಂತೆ ಹಾಕಿ, ಕಿರುಬೆರಳು ಆಡುವಷ್ಟು ಜಾಗ ಬಿಟ್ಟು, ಜಾರದ ಗಂಟು ಬಿಗಿಯಿರಿ. ಇಲ್ಲಿ ಜಾರುಗಂಟು ಹಾಕಿದರೆ ಗಾಳಿ ಬೀಸಿದಷ್ಟೂ ಉರುಳಾಗಿ ಬಿಗಿಯುತ್ತದೆ. ಗೂಟದ ಕಡೆ ಲಾಡಿ ಕಟ್ಟುವಂತೆ, ಎಳೆದರೆ ಬಿಚ್ಚುವ ಗಂಟು. ದಿನವೂ ಸರಿಪಡಿಸಬೇಕಾಗುವುದು ಆ ತುದಿಯನ್ನೇ.

ಎಲೆ ಕಳಕೊಂಡ ತೊಗಟೆಗೆ ಮೇ ಬಿಸಿಲು ನೇರ ಹೊಡೆದರೆ ಮೇಲ್ಮುಖ ಸುಟ್ಟು ಬಿರಿಯುತ್ತದೆ. ಕಾಂಡ, ದಪ್ಪ ಕವಲುಗಳಿಗೆ ಸುಣ್ಣವನ್ನು ಮಜ್ಜಿಗೆ ಹದಕ್ಕೆ ಕಲಸಿ ಬಳಿಯಿರಿ. ಚಿಗುರು ಬರಬೇಕಾದ ಕಣ್ಣುಗಳಿಗೆ ಬಳಿಯಬೇಡಿ.

ಆಮೇಲಿನ ಎರಡು ವಾರ

ಏಳೆಂಟು ದಿನಕ್ಕೆ ಕೊಂಬೆಯ ಉದ್ದಕ್ಕೂ ಸಾಸಿವೆ ಕಾಳಿನಂಥ ಉಬ್ಬು ಕಾಣಬೇಕು. ಕಂಡ ದಿನವೇ ನೀರು ಶುರು. ನೆಲದ ಗಿಡಕ್ಕೆ ಪಾತಿ ತುಂಬ, ಕುಂಡಕ್ಕೆ ತಳದ ತೂತಿನಿಂದ ಇಳಿಯುವಷ್ಟು. ಜೊತೆಗೆ 50 ಲೀಟರಿನ ಡ್ರಮ್ಮಿಗೆ ನಾಲ್ಕು ಬೊಗಸೆ ಎರೆಗೊಬ್ಬರ, ಒಂದು ಹಿಡಿ ಹೊಂಗೆ ಹಿಂಡಿ ಅಥವಾ ಬೇವಿನ ಹಿಂಡಿ. ಯೂರಿಯಾ ಬೇಡ, ಎಲೆಗೆ ದಾರಿ ತೋರಿಸಿದಂತೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಬೂದಿ ಹಿಡಿಯಷ್ಟು ಹಾಕುವುದಾದರೆ ಬರೀ ಭತ್ತದ ಹೊಟ್ಟು ಉರಿಸಿದ್ದೇ ಎಂದು ಕೇಳಿ ತನ್ನಿ, ಟೈರು ಬೆರೆತ ಬೂದಿ ಗಿಡಕ್ಕೂ ಬೇಡ, ಹಣ್ಣು ತಿನ್ನುವವರಿಗೂ ಬೇಡ.

ಹತ್ತರಿಂದ ಹದಿನೈದು ದಿನದೊಳಗೆ ಚಿಗುರು ಒಂದು ಸೆಂಟಿಮೀಟರ್ ಆಗುತ್ತದೆ. ಆಗ ಕಟ್ಟು ಬಿಚ್ಚಬೇಕು. ಹೆಚ್ಚಿನವರು ಮರೆಯುವುದು ಇದನ್ನೇ, ಕಟ್ಟಿದ್ದೇ ನೆನಪಿರುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟ ಪಟ್ಟಿಯ ಸುತ್ತ ಕೊಂಬೆ ದಪ್ಪವಾಗಿ, ಪಟ್ಟಿ ತೊಗಟೆಯೊಳಗೆ ಹೂತು, ಅಲ್ಲಿಂದಾಚೆ ಕಾಯಿ ಹಿಡಿದ ಮೇಲೆ ಒಣಗುತ್ತದೆ. ಬಿಚ್ಚಿದ ಕೊಂಬೆ ಸ್ವಲ್ಪ ಮೇಲೇಳುವುದು ಸಹಜ. ಪೂರ್ತಿ ನೆಟ್ಟಗಾದರೆ ಮಾತ್ರ ಸಡಿಲವಾಗಿ ಮತ್ತೆರಡು ವಾರ ಕಟ್ಟಿ, ಪಟ್ಟಿಯ ಜಾಗ ಬದಲಿಸಿ.

ಇರುವೆಗಳ ಮೇಲೆ ಕಣ್ಣಿರಲಿ. ಗೂಟದಿಂದ ಕೊಂಬೆಗೆ ಕಟ್ಟಿದ ಹಗ್ಗ ಅವಕ್ಕೆ ಸೇತುವೆ. ಅವು ಹತ್ತಿದ ಕಡೆ ಹಿಟ್ಟು ತಿಗಣೆಯನ್ನು ಸಾಕುತ್ತವೆ. ಹಗ್ಗದ ನಡುವೆ ಗ್ರೀಸ್ ಸವರಿದ ಬಟ್ಟೆ ಸುತ್ತಿ. ಬಿಳಿ ಹತ್ತಿಯಂಥದ್ದು ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕರಗಲು ಚೂರು ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸಿ.

ಕವಲು ಸೀಳಿದರೆ ಗಾಬರಿ ಬೇಡ. ಅರ್ಧಕ್ಕಿಂತ ಕಡಿಮೆ ಸೀಳಿದ್ದರೆ ಕೊಂಬೆಯನ್ನು ಎತ್ತಿ ಎರಡು ಭಾಗ ಸರಿಯಾಗಿ ಕೂಡಿಸಿ, ಬನಿಯನ್ ಪಟ್ಟಿ ಸುತ್ತಿ, ಅದರ ಮೇಲೆ ಟ್ಯೂಬಿನ ಪಟ್ಟಿ ಬಿಗಿದು, ಕೆಳಗೊಂದು ಕವೆಗೋಲು ಆನಿಸಿ. ಎರಡು ತಿಂಗಳು ಮುಟ್ಟಬೇಡಿ, ಆ ಕೊಂಬೆಯಲ್ಲಿ ಈ ಸಲ ಕಾಯಿ ಬಿಡಬೇಡಿ. ಅದಕ್ಕೂ ಮೀರಿ ಸೀಳಿದ್ದನ್ನು ನೇರ್ಪಾಗಿ ಕತ್ತರಿಸಿ ತೆಗೆಯುವುದೇ ಲೇಸು, ನೇತಾಡುವ ಸಿಪ್ಪೆಯಿಂದ ಕೊಳೆ ಕಾಂಡಕ್ಕೆ ಇಳಿಯುತ್ತದೆ.

ಚಿಗುರಿಗೆ ಮೂರ್ನಾಲ್ಕು ಜೊತೆ ಎಲೆ ಬರುವಾಗ ಕಂಕುಳಲ್ಲಿ ಹಸಿರು ಮೊಗ್ಗು ಕಾಣುತ್ತದೆ. ಮೊಗ್ಗಿಲ್ಲದೆ ಉದ್ದಕ್ಕೆ ಓಡುವ ಚಿಗುರಿನ ತುದಿ ಚಿವುಟಿ. ಹೂ ಮುಗಿದು ಕಾಯಿ ನಿಂತ ಮೇಲೆ ಚಿಗುರಿಗೆ ಒಂದು, ಹೆಚ್ಚೆಂದರೆ ಎರಡು ಉಳಿಸಿ. 50 ಲೀಟರಿನ ಡ್ರಮ್ಮಿನ ಗಿಡಕ್ಕೆ ಹದಿನೈದು ಹಣ್ಣು ಧಾರಾಳ, ನಲವತ್ತು ಬಿಟ್ಟರೆ ಎಲ್ಲವೂ ನಿಂಬೆ ಗಾತ್ರಕ್ಕೇ ನಿಲ್ಲುತ್ತವೆ. ನಿಂಬೆ ಗಾತ್ರವಾದಾಗ ಹಳೆಯ ಪೇಪರಿನ ಪೊಟ್ಟಣ ಕಟ್ಟಿದರೆ ಹಣ್ಣು ನೊಣ ಚುಚ್ಚುವುದಿಲ್ಲ. ಹೂವಿನಿಂದ ಹಣ್ಣಿಗೆ ನಾಲ್ಕೈದು ತಿಂಗಳು.

ಲಕ್ನೋ-49, ಅಲಹಾಬಾದ್ ಸಫೇದ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್, ಈಚೆಗೆ ಎಲ್ಲೆಲ್ಲೂ ಕಾಣುವ ತೈವಾನ್ ಪಿಂಕ್, ಸೀಬೆಯ ಈ ಎಲ್ಲ ತಳಿಗಳಿಗೂ ಕ್ರಮ ಇದೇ. ಎಕರೆಗಟ್ಟಲೆ ತೋಟಕ್ಕೆ ಮಾಡುವವರು ಮೊದಲು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರದಲ್ಲೋ ತಮ್ಮ ಮಣ್ಣಿನ ವಿಚಾರ ಮಾತಾಡಿ ಶುರುಮಾಡಲಿ. ಗುಲಾಬಿಯ ಉದ್ದನೆ ಕಡ್ಡಿಯನ್ನೂ ಹೀಗೆ ಅಡ್ಡ ಕಟ್ಟಿದರೆ ಕಣ್ಣು ಕಣ್ಣಿಗೂ ಹೂ ಬರುತ್ತದೆ, ಅಂಜೂರವೂ ಚೆನ್ನಾಗಿ ಬಗ್ಗುತ್ತದೆ. ಮೆಣಸಿನಕಾಯಿ ಗಿಡ ಮಾತ್ರ ಗಾಜಿನಂತೆ, ಕವಲಿಗೆ ಕೈ ಹಾಕುವುದಾದರೆ ನೀರು ಬಾಡಿಸಿದ ಸಂಜೆಯೇ ಆಗಬೇಕು.

ಹಣ್ಣು ಕೊಯ್ದ ಮೇಲೆ ಬಗ್ಗಿದ ಕೊಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ. ಅಲ್ಲಿಂದ ಬಂದ ಕಡ್ಡಿ ಗುಂಡಗಾಗಿ, ಪೆನ್ಸಿಲ್ ದಪ್ಪ ದಾಟಿದ ಮೇಲೆ ಅದೂ ಬಗ್ಗಿಸಲು ಸಿದ್ಧ.